ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಭಾಷಣಕಾರನಲ್ಲ. ಹುಬ್ಬಳ್ಳಿಯ ಬಸ್ ವರ್ಕ್‌ಶಾಪಿನಲ್ಲಿ 34 ವರ್ಷ ತಗಡು ಬಡಿದವನು. ಅಮೆರಿಕಕ್ಕೆ ಹೋಗಿ ಬಂದದ್ದು ಗೊತ್ತಾಗಿ, 'ಅಲ್ಲಿ ಕಂಡದ್ದು ನಾಲ್ಕು ಮಾತು ಹೇಳ್ರಿ' ಎಂದು ಪೂಜ್ಯರು ಅಪ್ಪಣೆ ಮಾಡಿದರು. ನಯಾಗರದ ಸುದ್ದಿ ಕೇಳಲು ಬಂದವರಿಗೆ ನಿರಾಸೆಯಾದೀತು. ನಾನು ಹೇಳುವುದು ಒಂದು ಹಳೇ ಗಾಡಿಯ ಸುದ್ದಿ.

ನನ್ನ ಮಗಳು ಅಲ್ಲಿ ಓಹಾಯೋ ರಾಜ್ಯದ ಒಕ್ಕಲುಮನೆತನದ ಹುಡುಗನನ್ನು ಮದುವೆಯಾಗಿದ್ದಾಳೆ. ನಾನು ಜಾತಿ ಕೇಳಲಿಲ್ಲ. ಇದನ್ನು ಇದೇ ಸಭೆಯಲ್ಲಿ ಹೆಮ್ಮೆಯಿಂದ ಎಷ್ಟು ಸಲ ಹೇಳಿಕೊಂಡಿದ್ದೇನೋ, ಕೇಳಿ ಕೇಳಿ ನಿಮಗೂ ಬೇಸರ ಬಂದಿರಬೇಕು. ಆದರೆ ಜಾತಿ ಕೇಳದ ಇದೇ ಮನುಷ್ಯ ವಾರಕ್ಕೊಮ್ಮೆ ಫೋನಿನಲ್ಲಿ, 'ಮನಿ ತಗೊಂಡ್ರೇನು?' ಎಂದು ತಪ್ಪದೆ ಕೇಳುತ್ತಿದ್ದ. ಒಂದು ದಿನ ಮಗಳು ಅಂದಳು: 'ತಗೊಂಡ್ವಿ ಅಪ್ಪಾ. ಅದಕ್ಕ ಗಾಲಿ ಅದಾವು.'

ಫೋಟೋ ಬಂತು. ಬೆಳ್ಳಿ ಬಣ್ಣದ, ಬೆನ್ನು ದುಂಡಗಿರುವ ಡಬ್ಬಿ. ಇಂಜಿನ್ ಇಲ್ಲ, ಇನ್ನೊಂದು ವಾಹನದ ಹಿಂದೆ ಕೊಂಡಿ ಹಾಕಿ ಎಳೆಯಬೇಕು. 1971ರ ಏರ್‌ಸ್ಟ್ರೀಮ್ ಟ್ರೇಲರ್, ಕೊಂಡಿ ಸೇರಿ 27 ಅಡಿ ಉದ್ದ. ನನ್ನ ಮನೆಯವರು, 'ಇಷ್ಟು ಓದಿಸಿದ್ದು ಡಬ್ಬ್ಯಾಗ ಇರಾಕೇನು?' ಎಂದು ಕಣ್ಣೀರು ಹಾಕಿದರು. ನಾನು ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. ಬೀಗರು ಬಿಜ್ಜರು ಕೇಳಿದಾಗ, 'ಮನಿ ಕಟ್ಟಸಾಕ ಹತ್ಯಾರ' ಎಂದು ಸುಳ್ಳು ಹೇಳಿದೆ. ಈ ಸಭೆಯಲ್ಲಿ ಕೂತಿರುವ ಕೆಲವರಿಗೂ ಹೇಳಿದ್ದೇನೆ. ಕ್ಷಮೆ ಇರಲಿ.

ಇಬ್ಬರೂ ಸಾಲ ಮಾಡಿ ಓದಿದವರು. ದುಡಿದದ್ದರಲ್ಲಿ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತಿತ್ತು. ಅಲ್ಲಿ ಮನೆ ಕೊಳ್ಳುವುದೆಂದರೆ ಸಾಮಾನ್ಯವಾಗಿ 30 ವರ್ಷದ ಸಾಲ. ಎರಡು ಎಕರೆ ಮಾರಿ ಕಳಿಸುತ್ತೇನೆ ಅಂದೆ. 'ನಿನ್ನ ಹೊಲ ಮಾರಿ ನನಗ ನೆಲ ಯಾಕಪ್ಪಾ?' ಅಂದಳು.

ಮೇ ತಿಂಗಳಲ್ಲಿ ನಾವಿಬ್ಬರೂ ಹೋದೆವು. ಗಾಡಿ ಅಳಿಯಂದಿರ ಸೋದರಮಾವನ ಹೊಲದ ಕೊಟ್ಟಿಗೆಯಲ್ಲಿತ್ತು. ಮನಸ್ಸಿನಲ್ಲಿ ಮುನಿಸು ಇಟ್ಟುಕೊಂಡೇ ಒಳಗೆ ಕಾಲಿಟ್ಟೆ. ತಗಡಿನ ಮೇಲೆ ಕೈ ಆಡಿಸಿದ ಕೂಡಲೇ ಮುನಿಸು ಅರ್ಧ ಹೋಯಿತು. ಅಲ್ಯೂಮಿನಿಯಂ ಹಾಳೆ, ಸಾಲು ಸಾಲು ರಿವೆಟ್, ವೆಲ್ಡಿಂಗ್ ಇಲ್ಲ. ವಿಮಾನ ಕಟ್ಟುವ ರೀತಿ ಅದು. ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ ವಿಮಾನವನ್ನು ಕಟ್ಟುವ ಕೆಲಸದ ಮೇಲ್ವಿಚಾರಣೆ ಮಾಡಿದ್ದ ಹಾಲೀ ಬೌಲಸ್ ಎಂಬಾತ 1934ರಲ್ಲಿ ಇಂಥ ಟ್ರೇಲರ್ ಕಟ್ಟಿದ. ಅದೇ ಜಾಡಿನಲ್ಲಿ ವಾಲಿ ಬಯಾಮ್ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಹೊರತಂದ. 1952ರಿಂದ ಅದರ ಕಾರ್ಖಾನೆ ಓಹಾಯೋದ ಜಾಕ್ಸನ್ ಸೆಂಟರ್ ಎಂಬ ಸಣ್ಣ ಊರಿನಲ್ಲಿದೆ. 1969ರಲ್ಲಿ ಚಂದ್ರನಿಂದ ಮರಳಿದ ಮೂವರನ್ನು, ರೋಗ ಗೀಗ ತಂದಿದ್ದಾರೆಂಬ ಭಯಕ್ಕೆ, ಮೊದಲು ಕೂಡಿಹಾಕಿದ್ದೂ ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮಿನಲ್ಲೇ. ಇದನ್ನು ಕೇಳಿದ ಮೇಲೆ ನನ್ನ ಮನೆಯವರು ಅದನ್ನು ಡಬ್ಬಿ ಅನ್ನುವುದನ್ನು ಬಿಟ್ಟರು.

ಚಂದ ಹೊರಗಷ್ಟೇ ಇತ್ತು. ಮಾರಿದವನು ನೆಲಕ್ಕೆ ಹೊಸ ಹಾಸು ಅಂಟಿಸಿ ಕೊಟ್ಟಿದ್ದ. ಹಿಂಬದಿಯಲ್ಲಿ ಹೆಜ್ಜೆ ಇಟ್ಟರೆ ನೆಲ ಮೆತ್ತಗೆ ಕುಸಿಯುತ್ತಿತ್ತು. ಹಾಸು ಕಿತ್ತರೆ ಕೆಳಗಿನ ಪ್ಲೈವುಡ್ ನೆನೆದ ರೊಟ್ಟಿಯಂತೆ ಕೈಗೆ ಬಂತು. ಕಿಟಕಿ, ಹಿಂದಿನ ದೀಪ, ಸಡಿಲಾದ ರಿವೆಟ್, ಎಲ್ಲ ಕಡೆಯಿಂದ ಹನಿ ಹನಿಯಾಗಿ ನೀರು ಇಳಿದು ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ಹಲಗೆ ಬದಲಿಸಿದರೆ ಮುಗಿಯಿತಲ್ಲ ಅನ್ನಬೇಡಿ. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಪ್ಲೈವುಡ್, ಆ ಪ್ಲೈವುಡ್ಡಿನ ಅಂಚಿನ ಮೇಲೆ ಇಡೀ ಬಾಡಿ ಕೂತಿರುತ್ತದೆ. ಮೂರಕ್ಕೂ ಸೇರಿ ಬೋಲ್ಟು. ಅಂಚಿನ ಹಲಗೆ ತೆಗೆಯಬೇಕಾದರೆ ಬಾಡಿಯನ್ನೇ ಎತ್ತಬೇಕು. ಮರದ ಕಮಾನು ನಿಲ್ಲಿಸಿ, ಚೈನ್ ಕಪ್ಪಿ ಹಾಕಿ ಎತ್ತಿದೆವು. ಚಾಸಿಗೆ ತುಕ್ಕು. ಒಳಗೋಡೆ ಬಿಚ್ಚಿದರೆ ನಡುವಿನ ಗಾಜಿನ ಉಣ್ಣೆಯ ತುಂಬ ಇಲಿಗೂಡು. ಅವತ್ತು ರಾತ್ರಿ ಮಗಳು ಊಟ ಮಾಡಲಿಲ್ಲ. ಕೂಡಿಟ್ಟ ಹಣವೆಲ್ಲ ಅದರಲ್ಲಿತ್ತು. 'ಮಾರಿ ಬಿಡೂಣು' ಅಂದಳು. ಹೂಂ ಅನ್ನಲು ನನ್ನ ಬಾಯಿ ತುದಿಗೆ ಬಂದಿತ್ತು. ಅಳಿಯಂದಿರು, 'ಯಾರಿಗೆ ಮಾರುವುದು? ನಮ್ಮಂಥ ಇನ್ನೊಂದು ಜೋಡಿಗೇ?' ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಮರುದಿನ ಮೂವರೂ ಕೊಟ್ಟಿಗೆಗೆ ಹೋದೆವು.

ರಿವೆಟ್ ಹೊಡೆಯುವುದು ಒಬ್ಬರ ಕೆಲಸವಲ್ಲ. ಹೊರಗಿನವರು ಗಾಳಿ ಸುತ್ತಿಗೆಯನ್ನು ರಿವೆಟಿನ ತಲೆಗೆ ಇಡುತ್ತಾರೆ. ಒಳಗಿನವರು ಅದರ ಬಾಲಕ್ಕೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾರೆ. ನಮ್ಮ ವರ್ಕ್‌ಶಾಪಿನಲ್ಲಿ ಅದಕ್ಕೆ ಡಾಲಿ ಅನ್ನುತ್ತಿದ್ದೆವು. ಡಾಲಿ ಓರೆಯಾದರೆ ಬಾಲ ಮಲಗುತ್ತದೆ, ಒತ್ತು ಸಾಲದಿದ್ದರೆ ತಗಡಿಗೆ ತಗ್ಗು ಬೀಳುತ್ತದೆ. ನಡುವೆ ಗೋಡೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಮೊದಲ ದಿನ ಗಂಡ ಹೆಂಡತಿ ಹನ್ನೊಂದು ರಿವೆಟ್ ಹೊಡೆದು ಏಳು ಕೆಡಿಸಿದರು. 'ನೀನು ಅವಸರ ಮಾಡಿದಿ', 'ನೀನು ಕೈ ಅಲುಗಿಸಿದಿ'. ಒಬ್ಬರು ಹೊಲದ ಆ ತುದಿಗೆ, ಒಬ್ಬರು ಈ ತುದಿಗೆ. ನನ್ನ ಮನೆಯವರು ಎರಡೂ ತುದಿಗೆ ಚಹಾ ಒಯ್ದರು.

ನಾನು ಅವರಿಗೆ ನಮ್ಮ ಹಳೇ ಪದ್ಧತಿ ಕಲಿಸಿದೆ. ಒಳಗಿನವರು ಡಾಲಿಯಿಂದ ಒಂದು ಸಲ ತಟ್ಟಿದರೆ ಇನ್ನೂ ಬೇಕು, ಎರಡು ಸಲ ತಟ್ಟಿದರೆ ಸರಿಯಾಯಿತು. ಸರಿಯೋ ತಪ್ಪೋ ಹೇಳುವವರು ಒಳಗಿನವರೇ, ಯಾಕೆಂದರೆ ಬಾಲ ಕಾಣುವುದು ಅವರಿಗೆ. ಹೊರಗಿನವರು ವಾದಿಸಬಾರದು. ಅಳಿಯಂದಿರು ಹೊರಗೆ ನಿಂತರು, ಮಗಳು ಒಳಗೆ. ನಾಲ್ಕನೆಯ ದಿನ ಕೊಟ್ಟಿಗೆಯ ಹೊರಗೆ ಕೂತು ಕೇಳಿದೆ. ಸುತ್ತಿಗೆಯ ಗಡಗಡ, ಆಮೇಲೆ ಟಕ್ ಟಕ್. ಮತ್ತೆ ಗಡಗಡ, ಟಕ್ ಟಕ್. ಮಧ್ಯಾಹ್ನದವರೆಗೆ ಒಂದು ಮಾತೂ ಇಲ್ಲ.

ಊರಿಗೆ ಮರಳಿದ ಮೇಲೆ ಕೆಲವರು 'ಎಷ್ಟು ಸರಳ ಜೀವನ!' ಎಂದು ಹೊಗಳಿದರು. ಅಷ್ಟು ಸಲೀಸಾಗಿ ಹೊಗಳಬೇಡಿ. ಆ ದೇಶದಲ್ಲಿ ಬಾಡಿಗೆ ಕಟ್ಟಲಾಗದೆ ವಾಹನದಲ್ಲೇ ದಿನ ದೂಡುವ ಮುದುಕರೂ ಇದ್ದಾರೆ. ಅವರ ಪಾಡಿನ ಮೇಲೆ 'ನೋಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ 2017ರಲ್ಲಿ ಬಂತು, ಆಮೇಲೆ ಸಿನಿಮಾ ಆಯಿತು. ಅನೇಕ ಊರುಗಳಲ್ಲಿ ಇಂಥ ಗಾಡಿಯಲ್ಲಿ ಕಾಯಂ ವಾಸಕ್ಕೆ ಪರವಾನಗಿ ಇಲ್ಲ. ಬಾಡಿಗೆಗೆ ಜಾಗ ಕೊಡುವ ಎಷ್ಟೋ ಕಡೆ 10 ವರ್ಷಕ್ಕಿಂತ ಹಳೆಯ ಗಾಡಿಯನ್ನು ಒಳಗೇ ಬಿಡುವುದಿಲ್ಲ. ನನ್ನ ಮಕ್ಕಳಿಗೆ ಸೋದರಮಾವನ ಹೊಲವಿತ್ತು. ಹೊಲವಿಲ್ಲದವರ ಗತಿ ಬೇರೆ.

ಅಡಿಗೆಮನೆ ಕೂಡಿಸುವಾಗ ಇನ್ನೊಂದು ಚರ್ಚೆ. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು, ಇಲ್ಲವಾದರೆ ಓಡುವಾಗ ಬಾಲ ತೂಗಾಡುತ್ತದೆ. ಮನೆಯವರು ಕೊಟ್ಟ ಒರಳು ಕಲ್ಲು ಎಲ್ಲಿಡಬೇಕೆಂಬುದಕ್ಕೂ ಲೆಕ್ಕ ಹಾಕಿದರು! ಮುಂದಿನ ಗಾಲಿಯ ಹತ್ತಿರ ಅದಕ್ಕೆ ಜಾಗ ಸಿಕ್ಕಿತು.

ನಾವು ಹೊರಡುವ ಹಿಂದಿನ ದಿನ ನೀರಿನ ಪರೀಕ್ಷೆ. ಅಳಿಯಂದಿರು ಹೊರಗಿನಿಂದ ಪೈಪು ಹಿಡಿದರು, ನಾವು ಮೂವರು ಒಳಗೆ ಬ್ಯಾಟರಿ ಹಿಡಿದು ಹುಡುಕಿದೆವು. ಎರಡು ತಾಸಿನಲ್ಲಿ ಸೋರಿದ್ದು ಒಂದೇ ಮೂಲೆ, ಬಲಗಡೆ ಹಿಂದಿನ ದೀಪದ ಕೆಳಗೆ. ಅವರಿಬ್ಬರೂ ಜಗಳವಾಡಿ ದೂರ ಹೋಗಿದ್ದ ಹೊತ್ತಿನಲ್ಲಿ, ಅನುಭವ ತೋರಿಸಲು ಮನೆಯವರ ಕೈಗೆ ಡಾಲಿ ಕೊಟ್ಟು ನಾನು ಹೊಡೆದ ಸಾಲು ಅದು. ಅವರು ಒಂದೇ ಸಲ ತಟ್ಟಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಕೊರೆದು ತೆಗೆದು ಮತ್ತೆ ಹೊಡೆದೆವು. ಈಗ ಮಗಳು ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಆ ಮೂಲೆಯನ್ನೇ. ಹೋದ ವಾರ ಅಲ್ಲಿ ಜೋರು ಮಳೆಯಾಯಿತಂತೆ. ಒಣಗೇ ಇದೆ.