ಊರಿನ ಬಾನುಲಿ, ಊರಿನ ಜಾಹೀರಾತು



ಜಾಹೀರಾತೆಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಹುಬ್ಬು ಗಂಟಿಕ್ಕುತ್ತೇವೆ. ಒಳ್ಳೆಯದೊಂದು ರಾಗಾಲಾಪನೆ ಮುಗಿಯುವ ಹೊತ್ತಿಗೆ ಸಾಬೂನಿನ ಸ್ತುತಿ ಮೊದಲಾದರೆ ರಸಭಂಗವಾಗುವುದು ಸಹಜವೇ. ಆದರೆ ಈ ಪದದ ಮೂಲವನ್ನು ಸ್ವಲ್ಪ ವಿಚಾರಿಸಿ ನೋಡೋಣ. 'ಜಾಹಿರ್' ಎಂದರೆ ಪ್ರಕಟವಾದದ್ದು, ಎಲ್ಲರ ಕಣ್ಣಿಗೂ ಬಿದ್ದದ್ದು. ಮರುಳುಮಾಡುವುದೆಂಬ ಅರ್ಥ ಅದರಲ್ಲಿಲ್ಲ. ಮರೆಯಲ್ಲಿದ್ದುದನ್ನು ತಿಳಿಯಪಡಿಸುವುದೆಂಬ ಅರ್ಥ ಮಾತ್ರವೇ ಇದೆ. ಈ ಹಳೆಯ ಅರ್ಥ ಇಂದಿಗೂ ಜೀವಂತವಾಗಿ ಉಳಿದಿರುವ ಒಂದು ಸ್ಥಳವುಂಟು. ಅದು ಊರಿನ ಬಾನುಲಿಯಲ್ಲಿ ಬರುವ ಊರಿನ ಜಾಹೀರಾತು. ಅದರ ಪ್ರಯೋಜನವನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದೆ ಅರಿಕೆಮಾಡಬೇಕೆಂದಿದ್ದೇನೆ.

ನಗರವಾಸಿಗಳಾದ ತಮ್ಮಲ್ಲಿ ಅನೇಕರು ನೋಡದೆ ಇರಬಹುದಾದ ಒಂದು ಗ್ರಾಮವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ರಾಯಚೂರು ಸೀಮೆಯಲ್ಲಿ, ಮಾನ್ವಿ ತಾಲ್ಲೂಕಿನಲ್ಲಿ, ಹಿರೇಕೊಟ್ನೆಕಲ್ ಎಂಬ ಊರಿದೆ. ಈ ಸೀಮೆ 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಬತ್ತ, ಹತ್ತಿ, ಜೋಳ, ತೊಗರಿ ಇಲ್ಲಿನ ಬೆಳೆಗಳು. ತುಂಗಭದ್ರೆಯ ಎಡದಂಡೆಯ ಕಾಲುವೆ ಈ ತಾಲ್ಲೂಕಿಗೆ ನೀರನ್ನು ತಂದಿದೆ. ಆದರೆ ಕಾಲುವೆಯ ಕೊನೆಯ ಭಾಗದವರಿಗೆ ನೀರು ತಲಪುವುದು ತಡವಾಗಿ. ಹಿಂದೆ ಇಂತಹ ಊರುಗಳಲ್ಲಿ ತಿಳಿಸಬೇಕಾದ ಸಂಗತಿಯಿದ್ದರೆ ತಳವಾರನು ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದನು. ಸಂತೆಯ ದಿನ ಬದಲಾಯಿತೆಂದೋ, ಜಾತ್ರೆ ಇಂಥ ದಿನವೆಂದೋ, ಯಾರದೋ ಎತ್ತು ತಪ್ಪಿಸಿಕೊಂಡಿತೆಂದೋ ಅವನ ಕೂಗು. ಅದು ಸುದ್ದಿಯೂ ಹೌದು, ಜಾಹೀರಾತೂ ಹೌದು. ಇವೆರಡನ್ನು ಬೇರೆಬೇರೆಯಾಗಿ ಕಾಣುವ ಅಭ್ಯಾಸ ಹಳ್ಳಿಯವರಿಗೆ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಈಗ ಬತ್ತದ ಕೊಯ್ಲಿನ ಕಾಲವನ್ನು ಕಲ್ಪಿಸಿಕೊಳ್ಳಿ. ತೆನೆ ಮಾಗಿ ನಿಂತಿದೆ, ಮೋಡ ಕವಿಯುತ್ತಿದೆ, ಕೊಯ್ಯುವ ಯಂತ್ರ ಬೇಕು. ಗದ್ದೆ ಒಣಗಿದ್ದರೆ ಗಾಲಿಯ ಯಂತ್ರ ಸಾಕು. ಹಸಿಯಾಗಿದ್ದರೆ ಸರಪಳಿಯ ಯಂತ್ರವೇ ಆಗಬೇಕು, ಅದರ ಬಾಡಿಗೆಯೂ ಹೆಚ್ಚು. ರೈತನಿಗೆ ಒಬ್ಬನೇ ಯಂತ್ರದವನು ಗೊತ್ತಿದ್ದರೆ ಅವನು ಹೇಳಿದ್ದೇ ದರ. ಅದೇ ದಿನ ಬೆಳಗ್ಗೆ ಬಾನುಲಿಯಲ್ಲಿ, ಪಕ್ಕದೂರಿನಲ್ಲಿ ಇನ್ನೆರಡು ಯಂತ್ರಗಳಿವೆ, ಗಂಟೆಗೆ ಬಾಡಿಗೆ ಇಷ್ಟು ಎಂಬ ಮಾತು ಕೇಳಿಬಂದರೆ, ಆ ರೈತನು ಚೌಕಾಸಿ ಮಾಡಬಲ್ಲವನಾಗುತ್ತಾನೆ. ಮುಂಬಯಿಯಲ್ಲಿ ತಯಾರಾದ ಸಾಬೂನಿನ ಹಾಡು ಅವನಿಗೆ ಹೊಸದೇನನ್ನೂ ಹೇಳುವುದಿಲ್ಲ. ಈ ಹತ್ತು ಸೆಕೆಂಡಿನ ಮಾತು ಅವನ ವರ್ಷದ ದುಡಿಮೆಯನ್ನು ಉಳಿಸಬಹುದು.

ಇದು ಕೇವಲ ಊಹೆಯ ಮಾತಲ್ಲ. ಕನ್ನಡಿಗರು ನೆಲಸಿರುವ ಕಾಸರಗೋಡಿನಿಂದ ದಕ್ಷಿಣಕ್ಕೆ, ಉತ್ತರ ಕೇರಳದ ಕರಾವಳಿಯಲ್ಲಿ, ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬೆಸ್ತರ ಮಾರಾಟದ ಕ್ರಮವನ್ನು ಪರೀಕ್ಷಿಸಿ, 2007ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದರು. ಕೆಲವೇ ಮೈಲಿ ದೂರದ ಇನ್ನೊಂದು ದಡದಲ್ಲಿ ಕೊಳ್ಳುವವರು ಮೀನಿಲ್ಲದೆ ಹಿಂದಿರುಗುತ್ತಿದ್ದರು. 1997ರಿಂದ 2001ರ ಒಳಗೆ ಅಲ್ಲಿಗೆ ಸಂಚಾರಿ ದೂರವಾಣಿ ಬಂದ ಮೇಲೆ, ಯಾವ ದಡದಲ್ಲಿ ಬೇಡಿಕೆ ಎಂಬುದು ದೋಣಿಯಲ್ಲಿದ್ದಾಗಲೇ ತಿಳಿಯತೊಡಗಿತು. ಮೀನು ಹಾಳಾಗುವುದು ಬಹುಮಟ್ಟಿಗೆ ನಿಂತಿತು. ಬೆಸ್ತರ ಲಾಭ ಸರಾಸರಿ ನೂರಕ್ಕೆ 8ರಷ್ಟು ಏರಿತು. ಕೊಳ್ಳುವವರು ತೆರುವ ಬೆಲೆ ನೂರಕ್ಕೆ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಏಕಕಾಲದಲ್ಲಿ ಲಾಭವಾದದ್ದು ಹೇಗೆ? ಹತ್ತಿರದ ಸುದ್ದಿ ಹತ್ತಿರದವರಿಗೆ ಸಕಾಲದಲ್ಲಿ ತಲಪಿತು, ಅಷ್ಟೆ.

ದೂರವಾಣಿಯೇ ಇಷ್ಟು ಮಾಡಿರುವಾಗ ಬಾನುಲಿಯೇಕೆ ಎಂದು ತಾವು ಕೇಳಬಹುದು. ದೂರವಾಣಿಯ ಸಂದೇಶ ಪರಿಚಿತರ ಬಳಗದಲ್ಲಿ ಸುತ್ತುತ್ತದೆ. ಅದರ ಮೂಲ ಯಾರೆಂದು ಕೊನೆಯವನಿಗೆ ತಿಳಿಯದು. ಬಾನುಲಿಯ ಮಾತನ್ನಾದರೊ ಕಳೆ ಕೀಳುವ ಹೆಣ್ಣುಮಗಳೂ ಕೈಗೆಲಸ ನಿಲ್ಲಿಸದೆ ಕೇಳಬಹುದು, ಓದುಬರಹ ಬೇಕಿಲ್ಲ. ಎಲ್ಲರೂ ಒಂದೇ ಗಳಿಗೆಯಲ್ಲಿ ಕೇಳುವುದರಿಂದ ಒಬ್ಬನಿಗೊಂದು ದರ, ಇನ್ನೊಬ್ಬನಿಗೊಂದು ದರ ಹೇಳುವುದು ಕಷ್ಟವಾಗುತ್ತದೆ.

ಬಾನುಲಿಯ ಜಾಹೀರಾತು ಹುಟ್ಟಿದ್ದೂ ಸ್ಥಳೀಯವಾಗಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಹಣ ತೆತ್ತು ಮಾಡಿಸಿದ ಮೊದಲನೆಯ ಬಾನುಲಿ ಜಾಹೀರಾತೆಂದು ಸಾಮಾನ್ಯವಾಗಿ ಎಣಿಸುವುದು ನ್ಯೂಯಾರ್ಕಿನ ಡಬ್ಲ್ಯು.ಇ.ಎ.ಎಫ್. ಕೇಂದ್ರದಿಂದ 1922ನೆಯ ಆಗಸ್ಟ್ 28ರಂದು ಪ್ರಸಾರವಾದುದನ್ನು. ಅದು ಆ ನಗರದ್ದೇ ಒಂದು ಬಡಾವಣೆಯ ಮನೆಗಳನ್ನು ಕುರಿತದ್ದು; ಕೇಳಿದವನು ಮರುದಿನವೇ ಹೋಗಿ ನೋಡಬಹುದಾಗಿತ್ತು. ನಮ್ಮ ದೇಶದ ಆಕಾಶವಾಣಿಯಲ್ಲಿ ವಾಣಿಜ್ಯ ಪ್ರಸಾರ ಆರಂಭವಾದದ್ದು 1967ನೆಯ ನವೆಂಬರಿನಲ್ಲಿ, ವಿವಿಧಭಾರತಿಯ ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಿಂದ. ಜಾಹೀರಾತು ದೇಶವ್ಯಾಪಿಯಾದಂತೆ ಅದು ಬಹಳ ಜನರನ್ನು ಮುಟ್ಟಿತು, ನಿಜ. ಆದರೆ ಕೇಳಿದವನು ಹೋಗಿ ನೋಡಿ ಪರೀಕ್ಷಿಸುವ ಅವಕಾಶ ಹಿಂದೆ ಸರಿಯಿತು.

ಸ್ಥಳೀಯ ಜಾಹೀರಾತಿನ ಎರಡನೆಯ ಗುಣವಿರುವುದು ಇಲ್ಲಿಯೇ. ದೂರದ ಕಾರ್ಖಾನೆಯವನು ಸುಳ್ಳಾಡಿದರೆ ನಾವು ಅವನನ್ನು ಎಲ್ಲಿ ಹುಡುಕೋಣ? ಮಾನ್ವಿಯ ಅಂಗಡಿಯವನು ಸುಳ್ಳಾಡಿದರೆ ಮರುದಿನವೇ ಗಿರಾಕಿ ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಮಾತಿಗೆ ಅವನ ಅಂಗಡಿಯೇ ಜಾಮೀನು.

ಮೂರನೆಯದು, ಬಾನುಲಿಕೇಂದ್ರದ ಸ್ವಂತ ಬಾಳಿನ ಪ್ರಶ್ನೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ 30 ವಾಟ್ ಸಾಮರ್ಥ್ಯದ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದುದು ತಮಗೆಲ್ಲ ತಿಳಿದ ವಿಷಯ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ದೊರೆತದ್ದು ಅಲ್ಲಿಂದಲೇ. ಆ ಮಹನೀಯರು ಕೈಯಿಂದ ಖರ್ಚುಮಾಡಿ ಅದನ್ನು ನಡೆಸಿದರು; ಕೆಲವು ವರ್ಷಗಳ ತರುವಾಯ ಅದು ಸಂಸ್ಥಾನದ ಆಡಳಿತಕ್ಕೆ ಬಂದಿತು. ಒಬ್ಬರ ಔದಾರ್ಯವಾಗಲಿ ಅರಸರ ಬೊಕ್ಕಸವಾಗಲಿ ಇದ್ದರೆ ಕೇಂದ್ರ ನಡೆಯುತ್ತದೆಯೆಂಬುದು ಇದರಿಂದ ಸ್ಪಷ್ಟ. ಅವೆರಡೂ ಇಲ್ಲದ ಕಡೆ ಏನು ಮಾಡಬೇಕು?

ಈ ಪ್ರಶ್ನೆಗೆ 2006ರ ಸಮುದಾಯ ಬಾನುಲಿಯ ನಿಯಮಗಳು ಒಂದು ದಾರಿ ತೋರಿಸಿದವು. 100 ವಾಟ್ ಸಾಮರ್ಥ್ಯಕ್ಕೆ ಮೀರದ, ಐದು ಹತ್ತು ಕಿಲೋಮೀಟರು ಮಾತ್ರ ಕೇಳಿಸುವ ಕೇಂದ್ರಗಳನ್ನು ವಿದ್ಯಾಸಂಸ್ಥೆಗಳೂ ಸೇವಾಸಂಸ್ಥೆಗಳೂ ನಡೆಸಬಹುದೆಂದು ಅನುಮತಿ ದೊರೆಯಿತು. ಸ್ಥಳೀಯ ಸಮಾರಂಭ, ಸ್ಥಳೀಯ ವ್ಯಾಪಾರ, ಸೇವೆ ಮತ್ತು ಉದ್ಯೋಗಗಳಿಗೆ ಸಂಬಂಧಿಸಿದ ಜಾಹೀರಾತುಗಳಿಗೆ ಗಂಟೆಗೆ 5 ನಿಮಿಷಗಳ ಅವಕಾಶವಿದ್ದಿತು. ಮುಂದೆ ಅದನ್ನು 12 ನಿಮಿಷಗಳಿಗೆ ಏರಿಸಿದರು. ಸರ್ಕಾರದ ಪ್ರಕಟನೆಗಳಿಗೆ ಹತ್ತು ಸೆಕೆಂಡಿಗೆ 74 ರೂಪಾಯಿಯ ದರ ಗೊತ್ತಾಯಿತು. ಅದೇ ದರವನ್ನು ಹಿಡಿದು ಲೆಕ್ಕಹಾಕೋಣ. 12 ನಿಮಿಷವೆಂದರೆ ಹತ್ತು ಸೆಕೆಂಡಿನ 72 ಪ್ರಕಟನೆಗಳು. ಅದರ ಕಾಲುಭಾಗ ಮಾತ್ರ ತುಂಬಿದರೂ ಗಂಟೆಗೆ 18 ಪ್ರಕಟನೆಗಳಿಂದ 1,332 ರೂಪಾಯಿ. ವಿದ್ಯುತ್ತಿಗೂ ಒಬ್ಬಿಬ್ಬರ ಸಂಬಳಕ್ಕೂ ಇದು ಆಸರೆಯಾಗಬಲ್ಲದು. ಒಬ್ಬ ಧನಿಕನ ಸಾವಿರ ರೂಪಾಯಿಗಿಂತ ಹತ್ತು ಅಂಗಡಿಗಳ ನೂರು ನೂರು ರೂಪಾಯಿಗಳೇ ಶ್ರೇಯಸ್ಕರ. ಹತ್ತರಲ್ಲಿ ಒಂದು ಮುನಿಸಿಕೊಂಡರೂ ಕೇಂದ್ರದ ಬಾಯಿ ಕಟ್ಟುವುದಿಲ್ಲ.

ಹೀಗೆಂದು ಇದರಲ್ಲಿ ಅಪಾಯವೇ ಇಲ್ಲವೆನ್ನಲಾರೆ. ಬೀಜ, ಕ್ರಿಮಿನಾಶಕ, ಔಷಧ, ಸಾಲ ಇವು ನಾಲ್ಕೂ ಹಳ್ಳಿಯ ಬಾಳನ್ನು ಕಟ್ಟಲೂ ಬಲ್ಲವು, ಕೆಡಿಸಲೂ ಬಲ್ಲವು. ಕಳಪೆ ಹತ್ತಿಬೀಜದ ಮೋಸ ತಿಳಿಯುವುದು ಕಾಯಿ ಕಟ್ಟುವ ಕಾಲಕ್ಕೆ. ಆಗ ಅಂಗಡಿಯವನ ಬಾಗಿಲಲ್ಲಿ ನಿಂತು ಫಲವೇನು? ಬಾನುಲಿಯಲ್ಲಿ ಹೇಳಿದರು, ನಂಬಿದೆ ಎಂದು ಒಬ್ಬ ರೈತನು ಅಂದರೆ ಆ ಕೇಂದ್ರದ ಮರ್ಯಾದೆ ಅಂದಿಗೆ ಮುಗಿಯಿತು. ಆದಕಾರಣ ಕೆಲವು ಕಟ್ಟುಪಾಡುಗಳು ಅವಶ್ಯಕ. ಸುದ್ದಿಯನ್ನು ಓದುವ ಕಂಠವೇ ಜಾಹೀರಾತನ್ನು ಓದಬಾರದು. ಬೇಸಾಯದ ಸಲಹೆ ಕೊಡುವವರು ಅದೇ ಸರಕನ್ನು ಮಾರುವವರಾಗಿರಬಾರದು. ಬೀಜ ಔಷಧಗಳ ವಿಷಯದಲ್ಲಿ ಪರವಾನಗಿಯನ್ನು ನೋಡದೆ ಮಾತನ್ನು ಸ್ವೀಕರಿಸಕೂಡದು. ಯಾರು, ಎಲ್ಲಿ, ಏನು ಬೆಲೆ, ಯಾವ ದಿನದ ವರೆಗೆ ಎಂಬ ನಾಲ್ಕಕ್ಕೂ ಉತ್ತರವಿರಬೇಕು. ವಿಶೇಷಣಗಳು ಇಲ್ಲದಿದ್ದರೂ ನಡೆದೀತು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದ ಮಾತು ತಪ್ಪೆಂದು ತಿಳಿದರೆ, ಹೇಳಿದ ಹೊತ್ತಿನಲ್ಲಿಯೇ, ಹೇಳಿದಷ್ಟೇ ಸಾರಿ, ತಿದ್ದುಪಡಿಯನ್ನೂ ಹೇಳಬೇಕು. ತಪ್ಪಿಸಿಕೊಂಡ ಎತ್ತಿನ ಸುದ್ದಿಗೆ, ಕೂಲಿ ಬೇಕೆನ್ನುವವರ ಮಾತಿಗೆ ಹಣ ಕೇಳದಿರುವುದು ಒಳ್ಳೆಯದು. ಹಿಂದೆ ತಳವಾರನೂ ಬಡವನ ಎತ್ತಿಗಾಗಿ ಹಲಗೆ ಬಾರಿಸುತ್ತಿದ್ದನಷ್ಟೆ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಕೆತ್ತಿರುವುದನ್ನು ತಾವು ಬಲ್ಲಿರಿ. ಪಾಟಲಿಪುತ್ರದ ಚಕ್ರವರ್ತಿ ತನ್ನ ಮಾತು ತಿಳಿಯಬೇಕಾದವರು ಇದ್ದ ಕಡೆಗೇ ಅದನ್ನು ಕಳುಹಿಸಿದನು. ಮಾತಿನ ಮೊದಲಲ್ಲಿ ತನ್ನ ಹೆಸರನ್ನೂ ಇಟ್ಟನು. ಕೇಳುವವರ ಸಮೀಪದಲ್ಲಿ ಹೇಳುವುದು, ಹೇಳಿದುದಕ್ಕೆ ಹೆಸರು ಕೊಟ್ಟು ಹೊಣೆಯಾಗುವುದು: ಪ್ರಕಟನೆಯ ಧರ್ಮವೆಲ್ಲ ಈ ಎರಡರಲ್ಲಿ ಅಡಗಿದೆ. ಹಿರೇಕೊಟ್ನೆಕಲ್ಲಿನ ಚಿಕ್ಕ ಅಂಗಡಿಯವನಿಗೂ ಇವೆರಡು ಸಾಧ್ಯ. ನಗರದಲ್ಲಿ ಅಂಗಡಿ, ಆಸ್ಪತ್ರೆ, ಶಾಲೆಗಳನ್ನು ನಡೆಸುತ್ತಿರುವ ತಾವು, ದೂರದ ಪತ್ರಿಕೆಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ತಮ್ಮ ಊರಿನ ಬಾನುಲಿಗೆ ಮೀಸಲಿಡಿರಿ. ಮತ್ತು ಅದರಲ್ಲಿ ನಿಜವನ್ನೇ ಹೇಳಿರಿ. ಕೇಳುತ್ತಿರುವವರು ತಮ್ಮ ನೆರೆಯವರು.