ಎನ್ನೆಸ್ಸೆಸ್: ಸೇವೆಗೆ ಒಂದು ದಾರಿ

ವಿದ್ಯಾರ್ಥಿಗಳ ಸಮಾಜಸೇವೆ ಕಡ್ಡಾಯವಾಗಿರಬೇಕೇ, ಸ್ವಇಚ್ಛೆಯದಾಗಿರಬೇಕೇ ಎಂಬ ಚರ್ಚೆ ಸ್ವಾತಂತ್ರ್ಯ ಬಂದ ಹೊಸದರಲ್ಲೇ ಶುರುವಾಗಿತ್ತು. ಇಷ್ಟವಿದ್ದವರು ಮಾಡಲಿ ಎಂದಿತು ರಾಧಾಕೃಷ್ಣನ್ ಆಯೋಗ. ಕಡ್ಡಾಯ ಮಾಡಿ ಎಂದಿತು 1959ರ ದೇಶಮುಖ್ ಸಮಿತಿ. ಕೊನೆಗೆ ಗೆದ್ದದ್ದು ಮೊದಲಿನ ಮಾತೇ, ಗೆಲ್ಲಬೇಕಾದದ್ದೂ ಅದೇ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದ ಆಗಿನ ಕೇಂದ್ರ ಶಿಕ್ಷಣ ಸಚಿವ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದವರು.

ಎನ್ನೆಸ್ಸೆಸ್ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರವೊಂದಿದೆ. ಯೋಜನೆಯ ಜೀವ ಇರುವುದೇ ಈ ಶಿಬಿರದಲ್ಲಿ. ಊರಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ವಾಸ್ತವ್ಯ. ಬೆಳಿಗ್ಗೆ ಧ್ವಜಾರೋಹಣ, ಉಪ್ಪಿಟ್ಟು, ಆಮೇಲೆ ಶ್ರಮದಾನ. ಕಲ್ಯಾಣಿಯ ಹೂಳೆತ್ತುವಾಗ ಮೆಟ್ಟಿಲುದ್ದಕ್ಕೂ ಸಾಲು ನಿಂತು ಮಣ್ಣು ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಸಲಿಕೆ ಹಿಡಿದು ಗೊತ್ತಿಲ್ಲದವರ ಅಂಗೈಯಲ್ಲಿ ಮೊದಲ ದಿನವೇ ಬೊಬ್ಬೆ ಏಳುತ್ತದೆ; ಸಲಿಕೆ ಹಿಡಿಯುವ ಬಗೆಯನ್ನು ಆಗ ಊರಿನವರೇ ಹೇಳಿಕೊಡುತ್ತಾರೆ. ಮಧ್ಯಾಹ್ನ ಉಪನ್ಯಾಸ, ಸಂಜೆ ಊರವರೊಂದಿಗೆ ಹಾಡು, ನಾಟಕ.

ಯುವಜನರಲ್ಲಿ ಸೇವೆಯ ಆಸೆಗೆ ಬರವಿಲ್ಲ. ಇಂಥ ಕಡೆ, ಇಂಥ ಹೊತ್ತಿಗೆ, ಇಂಥ ಕೆಲಸ ಎಂದು ಕರೆಯುವವರು ಬೇಕು. ನೂರು ಸ್ವಯಂಸೇವಕರ ಘಟಕಕ್ಕೆ ಒಬ್ಬ ಅಧ್ಯಾಪಕರು ಕಾರ್ಯಕ್ರಮಾಧಿಕಾರಿಯಾಗಿ ಇರುವುದು ಅದಕ್ಕೇ. ಈ ಅಧ್ಯಾಪಕರು ಮೊದಲೇ ಊರಿಗೆ ಹೋಗಿ, ಏನಾಗಬೇಕೆಂದು ಪಂಚಾಯಿತಿಯವರನ್ನೂ ಹೆಂಗಸರನ್ನೂ ಕೇಳಿ ಬಂದಿದ್ದರೆ ಶಿಬಿರ ಊರಿಗೆ ಉಪಯೋಗವಾಗುತ್ತದೆ. ಕೇಳದೆ ನೆಟ್ಟ ಗಿಡಕ್ಕೆ ನೀರೆರೆಯುವವರಿಲ್ಲದೆ ಅದು ಬೇಸಿಗೆಯಲ್ಲಿ ಒಣಗುತ್ತದೆ, ನೆಟ್ಟವರ ಉತ್ಸಾಹವೂ ಅದರೊಂದಿಗೆ ಬತ್ತುತ್ತದೆ. ಪ್ರಮಾಣಪತ್ರದ ಆಸೆಯಿಂದ ಬರುವವರೂ ಉಂಟು. ಅವರನ್ನು ಹಗುರವಾಗಿ ಕಾಣಬೇಕಿಲ್ಲ. ಹಾಗೆ ಬಂದವರಲ್ಲೂ ಎಷ್ಟೋ ಮಂದಿ ಶಿಬಿರ ಮುಗಿದ ಮೇಲೂ ಕೆಲಸ ಬಿಡುವುದಿಲ್ಲ.

ಕಾಲೇಜಿನ ಹೊರಗಿರುವ ಯುವಕ ಯುವತಿಯರಿಗಾಗಿ 1972ರಲ್ಲಿ ನೆಹರು ಯುವ ಕೇಂದ್ರಗಳು ಹುಟ್ಟಿದವು. ಹಳ್ಳಿಯ ಯುವಕ ಸಂಘ, ಯುವತಿ ಮಂಡಲಗಳನ್ನು ಅವು ಒಗ್ಗೂಡಿಸಿದವು. ದಿನಗಟ್ಟಲೆ ಬಿಡುವು ಸಿಗದ ದುಡಿಯುವ ಯುವಜನರಿಗೆ ರಕ್ತದಾನವಿದೆ. 18 ವರ್ಷ ತುಂಬಿ, ಕನಿಷ್ಠ 45 ಕಿಲೋ ತೂಕವಿದ್ದು, ವೈದ್ಯರ ತಪಾಸಣೆಯಲ್ಲಿ ಆರೋಗ್ಯವಂತರೆಂದು ಕಂಡುಬಂದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು.