ಒಂದೇ ಇಂಚು, ಬೇರೆ ಅಗಲ: ಕನ್ನಡ ಕಲಿಯೋ ಮಗುವಿಗೆ ಯಾವ ಟ್ಯಾಬ್?

"ಮನೆಗೆ ಒಂದು ಟ್ಯಾಬ್ ತಗೋಬೇಕು, ಯಾವುದು ತಗೊಳ್ಳಲಿ?" ಅಂತ ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಹಿಂಜವಡಿಯವರು, ಗಚ್ಚಿಬೌಲಿಯವರು, ಚೆನ್ನೈ ಓಎಂಆರ್‌ನವರು. ಪ್ರೊಸೆಸರ್, ರ‍್ಯಾಮ್ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅದನ್ನ ಇವತ್ತು ಮುಟ್ಟೋದಿಲ್ಲ. ಸಿನಿಮಾ ನೋಡೋಕೆ, ವಿಡಿಯೋ ಕಾಲ್‌ಗೆ ಅಷ್ಟೇ ಸಾಕು ಅನ್ನೋರಿಗೆ 20 ಸಾವಿರದ ಆಸುಪಾಸಿನ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ ತರಹದ್ದು ಧಾರಾಳವಾಯ್ತು. ಅವರು ಈ ವಿಡಿಯೋನ ಇಲ್ಲಿಗೇ ನಿಲ್ಲಿಸಬಹುದು.

ನನ್ನ ಮನೆಯ ಲೆಕ್ಕ ಬೇರೆ ಇತ್ತು. ನಾವಿರೋದು ಪುಣೆಯಲ್ಲಿ, ಮಗಳು ಮೂರನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್ ಇದೆ, ಮರಾಠಿ ಇದೆ. ಮಹಾರಾಷ್ಟ್ರದಲ್ಲಿ ಮರಾಠಿ ಕಡ್ಡಾಯ, ಅದು ಸರಿಯೇ, ಈ ಊರಿನ ಅನ್ನ ತಿಂತೀವಿ. ಕನ್ನಡ ಅವಳ ಬಾಯಲ್ಲಿ ಪಟಪಟ ಅಂತ ಬರುತ್ತೆ, ಅಕ್ಷರ ಮಾತ್ರ ಬರೋದಿಲ್ಲ. ಗದಗಿನಿಂದ ನಮ್ಮವ್ವ ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಒಂದು ಸಾಲು ಕಳಿಸಿದರೆ, "ಪಪ್ಪಾ, ಅಜ್ಜಿ ಏನ್ ಬರದಾಳ?" ಅಂತ ಫೋನ್ ಹಿಡಕೊಂಡು ನನ್ನ ಹತ್ತಿರ ಬರ್ತಾಳೆ. ಹೀಗೇ ನಾಲ್ಕೈದು ವರ್ಷ ಹೋದರೆ ನಮ್ಮ ಮನೆಯಲ್ಲಿ ಕನ್ನಡ ಓದೋರ ಸಾಲು ನನಗೂ ನನ್ನ ಹೆಂಡತಿಗೂ ಮುಗಿಯುತ್ತೆ. ಹಾಗಾಗಿ ನಾನು ಟ್ಯಾಬ್ ನೋಡಿದ್ದು ಪಾಟಿ ನೋಡಿದ ಹಾಗೆ: ಇದರಲ್ಲಿ ಕನ್ನಡ ಓದೋಕಾಗುತ್ತಾ, ಬರೆಯೋಕಾಗುತ್ತಾ?

ಮೊದಲು ಓದೋದು. ಕಿಂಡಲ್ ಹಗುರ, ಕಣ್ಣಿಗೂ ತಂಪು. ಆದರೆ 2016ರಲ್ಲಿ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡವನ್ನ ಹೊರಗೇ ಬಿಟ್ಟರು. ನಮ್ಮ ಮಕ್ಕಳಿಗೆ ಸುಲಭವಾಗಿ ಸಿಗೋದು ಪಿಡಿಎಫ್. ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಪುಸ್ತಕಗಳು ಪುಕ್ಕಟೆಯಾಗಿ ಇಳಿಸಿಕೊಳ್ಳೋಕೆ ಸಿಗುತ್ತವೆ, ದೀಕ್ಷಾ ಆ್ಯಪ್‌ನಲ್ಲೂ ಇವೆ.

ಪಿಡಿಎಫ್ ಅಂದರೆ ಅಚ್ಚಾದ ಪುಟದ ಚಿತ್ರ ಇದ್ದ ಹಾಗೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತೆ, ಮಗು ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೀತಾ ಕೂರಬೇಕು. ಅದಕ್ಕೇ ಇಲ್ಲಿ ಡಬ್ಬಿಯ ಮೇಲಿನ ಇಂಚಿಗಿಂತ ಪರದೆಯ ಅಗಲ ಮುಖ್ಯ. ಇಂಚು ಅನ್ನೋದು ಮೂಲೆಯಿಂದ ಮೂಲೆಗೆ ಅಳೆದದ್ದು. 10.9 ಇಂಚಿನ ಐಪ್ಯಾಡನ್ನ ನಿಲ್ಲಿಸಿ ಹಿಡಿದರೆ ಅಗಲ ಸುಮಾರು 15.8 ಸೆಂಟಿಮೀಟರ್. ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ ಕೂಡ 10.9 ಇಂಚೇ, ಆದರೆ ಉದ್ದುದ್ದ ಇರೋದರಿಂದ ಅಗಲ 14.7. ಸಣ್ಣ ಟ್ಯಾಬ್ ಎ9, ಅಂದರೆ 8.7 ಇಂಚಿಂದು, 11.3ಕ್ಕೆ ಇಳಿಯುತ್ತೆ. ಎ4 ಹಾಳೆಯ ಅಗಲ 21. ಲೆಕ್ಕ ಹಾಕಿ: ಐಪ್ಯಾಡಿನಲ್ಲಿ ಪುಟ ಮುಕ್ಕಾಲು ಪಾಲಾಗುತ್ತೆ, ಎಸ್9 ಎಫ್‌ಇಯಲ್ಲಿ 70 ಪರ್ಸೆಂಟ್, ಸಣ್ಣದರಲ್ಲಿ ಹೆಚ್ಚೂಕಮ್ಮಿ ಅರ್ಧ. ಇಂಗ್ಲಿಷಿಗೆ ಅರ್ಧ ಆದರೂ ನಡೆಯುತ್ತೆ. ನಮ್ಮ ಒತ್ತಕ್ಷರ ಮೊದಲೇ ಸಾಲಿನ ಕೆಳಗೆ ಮುದುರಿಕೊಂಡು ಕೂತಿರುತ್ತೆ. ಅರ್ಧ ಆದರೆ ತ ಒತ್ತು ಯಾವುದು, ನ ಒತ್ತು ಯಾವುದು ಅಂತ ನಾನೇ ಕಣ್ಣು ಕಿರಿದು ಮಾಡಬೇಕು. ಕಲಿಯೋ ಮಗುವಿಗೆ ಸಣ್ಣ ಟ್ಯಾಬ್ ಬೇಡ, ಎಷ್ಟೇ ಅಗ್ಗ ಸಿಗಲಿ. ಓದೋದರಲ್ಲಿ ಐಪ್ಯಾಡ್ ಗೆದ್ದಿತು, ಅದರಲ್ಲಿ ಅನುಮಾನ ಇಲ್ಲ.

ಇನ್ನು ಬರೆಯೋದು. ನೂರು ಇನ್ನೂರು ರೂಪಾಯಿಗೆ ರಬ್ಬರ್ ತುದಿಯ ಪೆನ್ ಸಿಗುತ್ತಲ್ಲ, ಅದನ್ನ ದಯವಿಟ್ಟು ಕೊಡಬೇಡಿ. ಮಕ್ಕಳು ಅಂಗೈ ಊರಿ ಬರೀತಾರೆ, ಆ ಪೆನ್ ಇದ್ದಾಗ ಪರದೆಗೆ ಅಂಗೈ ಯಾವುದು, ಪೆನ್ ಯಾವುದು ಗೊತ್ತಾಗೋದಿಲ್ಲ. ಎಸ್9 ಎಫ್‌ಇ ಡಬ್ಬಿಯಲ್ಲೇ ಎಸ್ ಪೆನ್ ಬರುತ್ತೆ, ಅದಕ್ಕೆ ಚಾರ್ಜ್ ಮಾಡೋ ರಗಳೆ ಇಲ್ಲ. 2023ರಲ್ಲಿ ಬಂದಾಗ ಬೆಲೆ 36,999. 2025ರಲ್ಲಿ ಬಂದ ಎ16 ಐಪ್ಯಾಡಿಗೆ 34,900, ಯುಎಸ್‌ಬಿ-ಸಿ ಪೆನ್ಸಿಲ್ ಬೇರೆ 7,900. ಕೂಡಿದರೆ 42,800. ಆ ಪೆನ್ಸಿಲ್‌ಗೆ ಒತ್ತಿದಷ್ಟು ದಪ್ಪ ಬರೆಯೋ ಗುಣ ಇಲ್ಲ ಅಂತ ಕೆಲವರು ದೂರುತ್ತಾರೆ. ಚಿತ್ರ ಬರೆಯೋರಿಗೆ ಅದು ದೊಡ್ಡ ಕೊರತೆ, ಕಾಗುಣಿತ ತಿದ್ದೋರಿಗೆ ಏನೂ ಅಲ್ಲ.

ನನ್ನ ತಕ್ಕಡಿ ವಾಲಿದ್ದು ಇಲ್ಲಿ. ಆ್ಯಂಡ್ರಾಯ್ಡ್‌ನಲ್ಲಿ ಜೀಬೋರ್ಡ್ ಹಾಕಿ, ಭಾಷೆ ಕನ್ನಡ ಆರಿಸಿ, ಕೈಬರಹದ ಕೀಬೋರ್ಡ್ ತೆಗೆದರೆ ಮಗು ಬರೆದ ಅಕ್ಷರ ಅಚ್ಚಿನ ಅಕ್ಷರ ಆಗಿ ಮೂಡುತ್ತೆ. ದೀರ್ಘ ಮರೆತರೆ ಹ್ರಸ್ವವೇ ಬರುತ್ತೆ, ಒತ್ತು ತಪ್ಪಿದರೆ ಬೇರೆ ಏನೋ ಬರುತ್ತೆ. ನಾವು ಆಫೀಸಿನಿಂದ ಬಂದು ಕೆಂಪು ಇಂಕಿನಲ್ಲಿ ತಿದ್ದೋದಕ್ಕಿಂತ ಇದು ಮಕ್ಕಳಿಗೆ ಆಟದ ಹಾಗೆ ಇರುತ್ತೆ.

ಇನ್ನೊಂದು ಮಾತು. ಗ್ಯಾಲಕ್ಸಿ ಟ್ಯಾಬ್‌ನಲ್ಲಿ ಮಗಳಿಗೊಂದು, ನಮಗೊಂದು ಅಂತ ಬೇರೆ ಬೇರೆ ಖಾತೆ ಇಡಬಹುದು. ಮನೆಬಳಕೆಯ ಐಪ್ಯಾಡಿನಲ್ಲಿ ಆ ಅನುಕೂಲ ಇಲ್ಲ. ಒಂದೇ ಟ್ಯಾಬ್, ಅದರಲ್ಲೇ ನಿಮ್ಮ ಆಫೀಸಿನ ಮೇಲ್, ಅದರಲ್ಲೇ ಮಗುವಿನ ಕಾಗುಣಿತ ಅಂದರೆ ಏನೇನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ನೀರು ಬಿದ್ದರೆ? ಎಸ್9 ಎಫ್‌ಇಗೆ, ಅದರ ಪೆನ್ನಿಗೂ ಐಪಿ68 ಇದೆ. ಮಕ್ಕಳಿರೋ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಬಾಳಿಕೆಯಲ್ಲಿ ಮಾತ್ರ ಐಪ್ಯಾಡ್ ಮುಂದೆ. 2019ರ ಐಪ್ಯಾಡಿಗೆ 2024ರ ಐಪ್ಯಾಡ್‌ಓಎಸ್ 18 ಕೂಡ ಸಿಕ್ಕಿತು. ಆ್ಯಂಡ್ರಾಯ್ಡ್ ಟ್ಯಾಬ್ ತಗೊಳ್ಳುವಾಗ ಅಪ್‌ಡೇಟಿನ ವರ್ಷಗಳನ್ನ ಅದು ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಿ, ನೀವು ಕೊಂಡ ದಿನದಿಂದಲ್ಲ. ಸೇಲ್‌ನಲ್ಲಿ ಹಳೇ ಮಾಡೆಲ್ ಅಗ್ಗ ಸಿಗೋದು ಸುಮ್ಮನೆ ಅಲ್ಲ.

ನಾನು ತಗೊಂಡಿದ್ದು ಎಸ್9 ಎಫ್‌ಇ. ಮಗುವಿಗೆ ಅಕ್ಷರ ಆಗಲೇ ಬರುತ್ತೆ, ಇನ್ನು ಓದೋದಷ್ಟೇ ಇದೆ ಅಂದರೆ, ಅಥವಾ ಮನೆಯಲ್ಲಿ ಎಲ್ಲರದೂ ಐಫೋನ್ ಅಂದರೆ ಐಪ್ಯಾಡ್ ತಗೊಳ್ಳಿ.

ಯಾವುದೇ ಆಗಲಿ, ಅಂಗಡಿಗೆ ಮಗುವನ್ನ ಕರ್ಕೊಂಡು ಹೋಗಿ. ಫೋನಿನಿಂದ ಒಂದು ಕನ್ನಡ ಪಿಡಿಎಫ್ ಕಳಿಸಿ ತೆಗೆದು ನೋಡಿ. ಆಮೇಲೆ ಪೆನ್ ಕೊಟ್ಟು "ಅಜ್ಜಿ" ಅಂತ ಬರೆಸಿ. ಅದರಲ್ಲಿ ಒತ್ತೂ ಇದೆ, ಗುಡಿಸೂ ಇದೆ.